ಮೈನಸ್ ಇಪ್ಪತ್ತರಲ್ಲಿ ಜೀಕೆ ಅಕ್ಕನ ಫೋನು

ಕೋಲ್ಡ್ ಸ್ಟೋರೇಜಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಆ ಹೆಂಗಸನ್ನು ಹೆಸರು ಹಿಡಿದು ಕರೆಯುತ್ತಿದ್ದವರು ಸಂಬಳ ಬಟವಾಡೆ ಮಾಡುವ ಆಫೀಸಿನವರು ಮಾತ್ರ. ಉಳಿದವರಿಗೆಲ್ಲ ಅವಳು ಜೀಕೆ ಅಕ್ಕ. ಜನರಲ್ ನಾಲೆಜ್ ಅಂದರೆ ಜೀಕೆ. ಬಟಾಣಿ ಮೂಟೆ ಇಳಿಸುತ್ತಿದ್ದವರ ಮುಂದೆ ನಿಂತು, ಜಿರಾಫೆಯ ಕತ್ತಿನಲ್ಲೂ ನಮ್ಮ ಕತ್ತಿನಲ್ಲೂ ಇರುವ ಮೂಳೆಗಳ ಸಂಖ್ಯೆ ಒಂದೇ ಎಂದು ಒಮ್ಮೆ ಹೇಳಿದ್ದಳು. ಅವರು ನಂಬಲಿಲ್ಲ. ಮಾರನೆಯ ದಿನ ಮಗಳ ಪಠ್ಯಪುಸ್ತಕವನ್ನೇ ಹೊತ್ತು ತಂದು ತೋರಿಸಿದಳು. ಅವತ್ತು ಅಂಟಿದ ಹೆಸರು ಮತ್ತೆ ಬಿಡಲಿಲ್ಲ. ಅವಳಿಗೂ ಅದರಿಂದ ಬೇಸರವೇನೂ ಇರಲಿಲ್ಲ.

ಅವಳು ಅಲ್ಲಿಗೆ ಸೇರಿದ್ದು ತರಕಾರಿ ಆರಿಸುವ ಕೆಲಸಕ್ಕೆ. ಮೇಜಿನ ಮುಂದೆ ನಿಂತು ಕೆಟ್ಟ ಕ್ಯಾರೆಟ್ ತೆಗೆಯುತ್ತ, ಒಳ್ಳೆಯದನ್ನು ಬಿಡುತ್ತ, ಕಣ್ಣನ್ನು ಮಾತ್ರ ಫೋರ್ಕ್‌ಲಿಫ್ಟ್ ಕಡೆಗೇ ಇಟ್ಟಿರುತ್ತಿದ್ದಳು. ಮುಂದೆ ಎರಡು ಕಬ್ಬಿಣದ ಕೈ ಚಾಚಿಕೊಂಡು, ಆಳೆತ್ತರದ ರಾಶಿಯನ್ನು ಹೂವಿನ ಬುಟ್ಟಿ ಎತ್ತಿದ ಹಾಗೆ ಎತ್ತುವ ಆ ಗಾಡಿ ಅವಳಿಗೆ ಹುಚ್ಚು ಹಿಡಿಸಿತ್ತು. ಓಡಿಸುವವನು ಒಂದು ಸಲ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡಾಗ, ಯಾರಿಗಾದರೂ ಕಲಿಯುವ ಮನಸ್ಸಿದೆಯೇ ಎಂದು ಸೂಪರ್‌ವೈಸರ್ ಕೇಳಿದರು. ಅವಳ ಕೈ ಮೇಲೆದ್ದಾಗ ಎಲ್ಲರೂ ನಕ್ಕರು. ಸೂಪರ್‌ವೈಸರ್ ನಗಲಿಲ್ಲ. ಪರೀಕ್ಷೆಯ ದಿನ ಅವಳು ಗಾಡಿಯನ್ನು ಹಿಮ್ಮುಖವಾಗಿ ತಿರುಗಿಸಿ, ಕಿರಿದಾದ ಓಣಿಯಲ್ಲಿ ಒಂದು ಪೆಟ್ಟಿಗೆಗೂ ತಾಗಿಸದೆ ಹೊರಗೆ ತಂದಳು. ಆಮೇಲೆ ಯಾರೂ ನಗಲಿಲ್ಲ.

ವರ್ಷಗಟ್ಟಲೆ ಅವಳು ಹಣ್ಣಿನ ಕೋಣೆಯಲ್ಲಿ ಓಡಿಸಿದಳು. ಅಲ್ಲಿನ ಚಳಿ ಸ್ವೆಟರ್ ಹಾಕಿಕೊಂಡರೆ ತಡೆಯುವಂಥದ್ದು. ಈಚೆಗೆ ಅವಳ ಕೈಚಳಕ ನೋಡಿ ಡೀಪ್ ಫ್ರೀಜಿಗೆ ಹಾಕಿದರು. ಮೀನು, ಬಟಾಣಿ, ಐಸ್‌ಕ್ರೀಮು ಎಲ್ಲ ಕಲ್ಲಾಗಿ ಕೂತಿರುವ, ಮೈನಸ್ ಇಪ್ಪತ್ತರ ಕೋಣೆ ಅದು. ಉಸಿರು ಬಿಟ್ಟರೆ ಮುಖದ ಮುಂದೆ ಮೋಡ. ಹುಬ್ಬಿನ ಮೇಲೆ ಬಿಳಿ ಪುಡಿ. ಸ್ವಲ್ಪ ಹೊತ್ತು ಕೆಲಸ ಮಾಡಿದ ಮೇಲೆ ಹೊರಗೆ ಬಂದು ಬಿಸಿ ಕೋಣೆಯಲ್ಲಿ ಕೂತು ಮೈ ಕಾಯಿಸಿಕೊಳ್ಳಬೇಕು. ಆ ಬಿಸಿ ಕೋಣೆಯಲ್ಲಿ ಒಂದು ಬೆಂಚು, ಒಂದು ಹೀಟರು, ಕಪಾಟಿನ ಮೇಲೆ ಒಂದು ಹಳೆಯ ರೇಡಿಯೋ ಇದ್ದವು.

ಕತೆ ಶುರುವಾಗುವುದು ಆ ರೇಡಿಯೋದಿಂದ. ವಾರಕ್ಕೊಮ್ಮೆ ಮಧ್ಯಾಹ್ನ ಒಂದು ಪ್ರಶ್ನೆ ಕಾರ್ಯಕ್ರಮ ಬರುತ್ತಿತ್ತು. ಹೆಸರು ಕೊಟ್ಟ ಕೇಳುಗರಲ್ಲಿ ಯಾರಿಗಾದರೂ ನಿರೂಪಕಿ ಫೋನ್ ಮಾಡುತ್ತಾರೆ, ಮೂರು ಪ್ರಶ್ನೆ ಕೇಳುತ್ತಾರೆ. ಜೀಕೆ ಅಕ್ಕ ಮತ್ತು ಅವಳ ಅತ್ತೆ ಇಬ್ಬರೂ ಆ ಕಾರ್ಯಕ್ರಮಕ್ಕೆ ಜೀವ ಬಿಡುತ್ತಿದ್ದರು. ಉಪ್ಪು ಹೆಚ್ಚಾಯಿತು, ಬಾಗಿಲು ಹಾಕಲಿಲ್ಲ ಎಂದು ಬೆಳಗ್ಗೆ ಮಾತು ಬಿಟ್ಟವರು ಕೂಡ, ಸಂಜೆ ಅವತ್ತಿನ ಪ್ರಶ್ನೆಗಳ ವಿಷಯ ಬಂದರೆ ಒಂದೇ ಪಕ್ಷ. ಮೂರೂ ಪ್ರಶ್ನೆಗೆ ಉತ್ತರ ಕೊಡಬಲ್ಲ ಸೊಸೆ ಈ ಬೀದಿಯಲ್ಲಿ ಬೇರೆ ಯಾರಿಗಿದ್ದಾಳೆ ಎಂದು ಅತ್ತೆ ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ತಿರುಗುತ್ತಿದ್ದರು. ಸೊಸೆಯ ಎದುರಿಗೆ ಮಾತ್ರ ಹೇಳುತ್ತಿರಲಿಲ್ಲ.

ಕಾರ್ಯಕ್ರಮದವರು ಮೊದಲೇ ತಿಳಿಸಿದ್ದ ಅವಳ ಸರದಿಯ ದಿನ ಬಿಸಿ ಕೋಣೆಯ ಬೆಂಚು ಭರ್ತಿಯಾಗಿತ್ತು. ನಿರೂಪಕಿ ಅವಳ ಹೆಸರು ಹೇಳಿ, ಈಗ ಕರೆ ಮಾಡುತ್ತಿದ್ದೇವೆ ಎಂದರು. ಜೀಕೆ ಅಕ್ಕ ಮೈಯೆಲ್ಲ ಕಿವಿಯಾಗಿ ಕೂತಳು. ಜಾಕೆಟಿನ ಜೇಬು ಮಾತ್ರ ಸುಮ್ಮನಿತ್ತು. ಅಷ್ಟರಲ್ಲಿ ಕಪಾಟಿನ ಮೇಲಿನ ರೇಡಿಯೋದಿಂದಲೇ, ಊರಿಗೆಲ್ಲ ಕೇಳುವ ಹಾಗೆ, ನೀವು ಕರೆ ಮಾಡಿದ ಚಂದಾದಾರರು ಸ್ವಿಚ್ ಆಫ್ ಮಾಡಿದ್ದಾರೆ ಎಂಬ ದನಿ ಬಂತು. ಅವಳು ಜೇಬಿಗೆ ಕೈ ಹಾಕಿ ಫೋನ್ ತೆಗೆದಳು. ಪರದೆ ಕಪ್ಪಾಗಿತ್ತು. ಈಚೆಗೆ ಎರಡು ಮೂರು ಸಲ ಹೀಗಾಗಿತ್ತೆಂದು ಬೆಳಗ್ಗೆ ತುಂಬ ಚಾರ್ಜ್ ಮಾಡಿ ತಂದಿದ್ದ ಫೋನು.

ಹೋಗಲಿ, ಇವರನ್ನು ಮುಂದಿನ ವಾರ ಇನ್ನೊಂದು ಸಲ ಪ್ರಯತ್ನಿಸೋಣ ಎಂದು ನಿರೂಪಕಿ ಬೇರೆಯವರಿಗೆ ಕರೆ ಮಾಡಿದರು. ಬೆಂಚಿನ ಮೇಲಿದ್ದವರು ಜೀಕೆ ಅಕ್ಕನ ಮುಖ ನೋಡುವುದಕ್ಕೂ ಹಿಂಜರಿದರು. ಅವಳಿಗೆ ಅಳು ಬರುವಷ್ಟು ಸಿಟ್ಟು ಬಂದಿತ್ತು. ಹೀಟರಿನ ಪಕ್ಕದ ಪ್ಲಗ್ಗಿಗೆ ಚಾರ್ಜರ್ ಚುಚ್ಚಿ ಫೋನ್ ಎಬ್ಬಿಸಿದಳು. ಅದು ಎದ್ದು, ಬೆಳಗಿ, ಮೂಲೆಯಲ್ಲಿ ಮೂವತ್ತೆಂಟು ಪರ್ಸೆಂಟ್ ಎಂದು ತೋರಿಸಿತು.

ಸಿಟ್ಟು ಅಲ್ಲಿಗೇ ಇಳಿದುಹೋಯಿತು. ಚಾರ್ಜ್ ಮುಗಿದು ಸತ್ತಿದ್ದರೆ ಸೊನ್ನೆ ಇರಬೇಕಿತ್ತು. ಮೂವತ್ತೆಂಟು ಹೊಟ್ಟೆಯಲ್ಲಿ ಇಟ್ಟುಕೊಂಡು ಯಾಕೆ ಸತ್ತಿತು? ಬೆಳಗ್ಗೆಯಿಂದ ಒಂದು ಕರೆಯನ್ನೂ ಮಾಡಿಲ್ಲ, ಉಳಿದದ್ದು ಎಲ್ಲಿಗೆ ಹೋಯಿತು? ಒಳ್ಳೆಯ ಪ್ರಶ್ನೆ ಸಿಕ್ಕರೆ ಅವಳ ಬೆನ್ನಿನಲ್ಲಿ ಒಂದು ಕಚಗುಳಿ ಏಳುತ್ತಿತ್ತು. ಅದೇ ಎದ್ದಿತು. ಮುಂದಿನ ವಾರದೊಳಗೆ ಇದರ ಉತ್ತರ ಹುಡುಕಲೇಬೇಕು ಎಂದು ಅಲ್ಲೇ ಹಠ ಹಿಡಿದಳು.

ಮನೆಗೆ ಬರುವಷ್ಟರಲ್ಲಿ ಅತ್ತೆ ಬಾಗಿಲಲ್ಲೇ ನಿಂತಿದ್ದರು. ಸ್ವಿಚ್ ಆಫ್ ಎಂಬ ಮಾತನ್ನು ಅವರೂ ಕೇಳಿದ್ದರು, ಪಕ್ಕದ ಮನೆಯವರನ್ನು ಕೂರಿಸಿಕೊಂಡು ಬೇರೆ ಕೇಳಿದ್ದರು.

"ಅಲ್ಲಮ್ಮಾ, ಫೋನ್ ಆಫ್ ಮಾಡ್ಕೊಂಡು ಯಾರಾದ್ರೂ ಫೋನ್ ಕಾಯ್ತಾರಾ?"

"ನಾನು ಆಫ್ ಮಾಡಿಲ್ಲ ಅತ್ತೆ. ಅದೇ ಸತ್ತುಹೋಯ್ತು. ಆದ್ರೆ ಪೂರ್ತಿ ಸತ್ತಿರಲಿಲ್ಲ. ಅದೇ ಸೋಜಿಗ," ಎಂದು ಅವಳು ಚಪ್ಪಲಿ ಬಿಡುತ್ತಲೇ ಎಲ್ಲ ಹೇಳಿದಳು.

ಆ ಸಂಜೆ ಮನೆಯಲ್ಲಿ ಫೋನಿನದೇ ಮಾತು. ಮೊಮ್ಮಗಳು ಆಟ ಆಡಿ ಆಡಿ ಹಾಳು ಮಾಡಿದ್ದಾಳೆ ಎಂದರು ಅತ್ತೆ. ಆಟಗಳನ್ನೆಲ್ಲ ತೆಗೆದು ಹಾಕಿದ್ದಾಯಿತು. ಗಂಡ ದರ್ಜಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ, ಚಾರ್ಜರಿನದೇ ತಪ್ಪು ಎಂದ. ಅವನ ಚಾರ್ಜರಿಗೆ ಹಾಕಿದ್ದಾಯಿತು. ಪರದೆಯ ಬೆಳಕು ತಗ್ಗಿಸಿದರು, ಹೊಸ ಸಾಫ್ಟ್‌ವೇರ್ ಹಾಕಿದರು. ಸೆಟ್ಟಿಂಗ್ ಒಳಗೆ, ಯಾವುದು ಎಷ್ಟು ಬ್ಯಾಟರಿ ತಿಂದಿದೆ ಎಂದು ತೋರಿಸುವ ಪುಟ ಅವಳಿಗೆ ಸಿಕ್ಕಿತು. ತಿಂದವರ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಕೂತಿದ್ದು ಆಟವೂ ಅಲ್ಲ, ಹಾಡೂ ಅಲ್ಲ. ಮೊಬೈಲ್ ನೆಟ್‌ವರ್ಕ್. ಮಾತೇ ಆಡದ ಫೋನಿಗೆ ನೆಟ್‌ವರ್ಕಿನ ಖರ್ಚು ಯಾಕೆ ಎಂದು ಅವಳು ಹಾಸಿಗೆಯಲ್ಲೂ ಯೋಚಿಸಿದಳು.

ಮಾರನೆಯ ದಿನ ಕೆಲಸಕ್ಕೆ ಹೋಗುವ ದಾರಿಯಲ್ಲಿ ರಿಪೇರಿ ಅಂಗಡಿಯಲ್ಲಿ ಫೋನ್ ಕೊಟ್ಟು ಹೋದಳು. ಅಂಗಡಿಯವನು ಸದಾ ಕಿವಿಯ ಹಿಂದೆ ಚಿಮಟ ಸಿಕ್ಕಿಸಿಕೊಂಡಿರುತ್ತಿದ್ದ. ಹಾಗಾಗಿ ಬೀದಿಗೆಲ್ಲ ಅವನು ಚಿಮಟಣ್ಣ. ಕೆಲಸದಲ್ಲಿ ಗಟ್ಟಿಗ, ಮಾತಿನಲ್ಲಿ ಇನ್ನೂ ಗಟ್ಟಿಗ. ಅವಳು ಸಂಜೆ ಹೋದಾಗ ಫೋನು ಕೌಂಟರಿನ ಮೇಲೆ ನಿಂತು ಹಾಡು ಹೇಳುತ್ತಿತ್ತು. ಬೆಳಗ್ಗೆಯಿಂದ ಇದೇ ಕೆಲಸ, ಒಂದು ಸಲವೂ ಕೆಮ್ಮಿಲ್ಲ ಎಂದು ಅವನು ವರದಿ ಒಪ್ಪಿಸಿದ.

"ಅಕ್ಕ, ನಿಮ್ಮ ಫೋನು ನನಗಿಂತ ಗಟ್ಟಿಮುಟ್ಟಾಗಿದೆ. ಮೂರು ವರ್ಷ ಹಳೇದು, ಬ್ಯಾಟರಿ ಸ್ವಲ್ಪ ಸೊರಗಿರಬಹುದು. ಆದ್ರೆ ಆಫ್ ಆಗೋ ಕಾಯಿಲೆ ಇದಕ್ಕಿಲ್ಲ."

ಮಾರನೆಯ ದಿನ ಅದು ಮತ್ತೆ ಅವಳ ಜೇಬಿನಲ್ಲಿ ಕಣ್ಣು ಮುಚ್ಚಿತು. ಈ ಸಲ ಅವಳಿಗೆ ಬೇಜಾರಾಗಲಿಲ್ಲ. ಖುಷಿಯಾಯಿತು. ಅಂಗಡಿಯಲ್ಲಿ ದಿನವಿಡೀ ಬದುಕುವುದು ಇಲ್ಲಿ ಊಟದ ಹೊತ್ತಿಗೆ ಸಾಯುತ್ತದೆ ಎಂದರೆ ಕಾಯಿಲೆ ಫೋನಿನಲ್ಲಿ ಮಾತ್ರ ಇಲ್ಲ, ಜಾಗದಲ್ಲೂ ಇದೆ. ಅವಳು ಜಾಗಗಳನ್ನು ಒಂದೊಂದಾಗಿ ಪರೀಕ್ಷೆಗೆ ಹಚ್ಚಿದಳು. ರಜೆಯ ದಿನ ಮನೆಯಲ್ಲಿ ಇಟ್ಟು ನೋಡಿದಳು, ಬದುಕಿತು. ಒಂದು ದಿನ ಗೇಟಿನ ಕಾವಲುಗಾರನ ಗೂಡಿನಲ್ಲಿ ಬಿಟ್ಟು ಹೋದಳು, ಅಲ್ಲೂ ಬದುಕಿತು. ಇನ್ನೊಂದು ದಿನ ಹಣ್ಣಿನ ಕೋಣೆಯ ಗೆಳತಿಯ ಜೇಬಿಗೆ ಹಾಕಿದಳು. ಸಂಜೆ ವಾಪಸು ಪಡೆದಾಗ ಬ್ಯಾಟರಿ ಸಾಕಷ್ಟು ಇಳಿದಿತ್ತು, ಆದರೆ ಪ್ರಾಣ ಹೋಗಿರಲಿಲ್ಲ.

ಮರುದಿನ ತಾನೇ ಡೀಪ್ ಫ್ರೀಜಿಗೆ ಒಯ್ದಳು. ಬಟಾಣಿಯ ರಾಶಿಯ ಪಕ್ಕ ಗಾಡಿಯನ್ನು ಪೂರ್ತಿ ನಿಲ್ಲಿಸಿ, ಕೈಗವಸು ಬಿಚ್ಚಿ, ಫೋನ್ ತೆಗೆದು ದಿಟ್ಟಿಸಿದಳು. ಸಿಗ್ನಲ್ಲಿನ ಕಡ್ಡಿಗಳು ಒಂದೂ ಇರಲಿಲ್ಲ. ನೋಡನೋಡುತ್ತಿದ್ದಂತೆ ಪರದೆ ಒಮ್ಮೆ ಮಿನುಗಿ, ಕಪ್ಪಾಯಿತು. ಅವಳು ಸುತ್ತಲೂ ನೋಡಿದಳು. ತಗಡು ಹೊದ್ದ ದಪ್ಪ ಗೋಡೆ. ಹುಬ್ಬಿನ ಮೇಲೆ ತನ್ನದೇ ಉಸಿರಿನ ಹಿಮ. ಈ ಕೋಣೆಗೆ ತಾನು ಬಂದದ್ದು ಯಾವಾಗ, ಫೋನಿಗೆ ಈ ರೋಗ ಹಿಡಿದದ್ದು ಯಾವಾಗ? ಎರಡೂ ಒಂದೇ ಕಾಲ. ಬಡ್ತಿ ಸಿಕ್ಕ ಸಂಭ್ರಮದಲ್ಲಿ ಅದು ಹೊಳೆದೇ ಇರಲಿಲ್ಲ.

ಖುಷಿ ತಡೆಯಲಾರದೆ ಅವಳು ಗಾಡಿಯ ಹಾರ್ನ್ ಒತ್ತಿದಳು. ಒತ್ತಿದ ಕೈ ತೆಗೆಯಲೇ ಇಲ್ಲ. ಯಾರ ಮೇಲೋ ರಾಶಿ ಬಿದ್ದಿತೆಂದುಕೊಂಡು ಸೂಪರ್‌ವೈಸರ್ ಜಾಕೆಟ್ಟೂ ಇಲ್ಲದೆ, ಬಾಗಿಲಿನ ಪ್ಲಾಸ್ಟಿಕ್ ಪರದೆ ಸೀಳಿಕೊಂಡು ಓಡಿ ಬಂದರು. ಫೋನಿಗೆ ಚಳಿ ಸರ್ ಎಂದು ಅವಳು ಮೇಲಿಂದಲೇ ಹೇಳಿದಳು. ಅವರು ಹಲ್ಲು ಕಟಕಟ ಕಡಿಯುತ್ತ, ನನಗೂ ಚಳಿ ಕಣಮ್ಮಾ ಎಂದು ಬಂದ ದಾರಿಯಲ್ಲೇ ವಾಪಸು ಓಡಿದರು.

ಸಂಜೆ ಅವಳು ಚಿಮಟಣ್ಣನ ಅಂಗಡಿಗೆ ನಡೆದು ಹೋದಳೋ ಹಾರಿ ಹೋದಳೋ ಅವಳಿಗೇ ನೆನಪಿಲ್ಲ. ಅವನು ಎಲ್ಲ ಕೇಳಿ ತಲೆ ಕೆರೆದುಕೊಂಡ. ಇರಬಹುದು, ಆದರೆ ಕಣ್ಣಾರೆ ನೋಡದೆ ಬ್ಯಾಟರಿ ಬದಲಾಯಿಸುವುದು ತನ್ನ ಪದ್ಧತಿಯಲ್ಲ ಎಂದ. ಹಾಗಾದರೆ ನೋಡಿ ಎಂದು ಅವಳು ಪಕ್ಕದ ಬೇಕರಿಯ ಐಸ್‌ಕ್ರೀಮ್ ಫ್ರೀಜರಿನತ್ತ ಬೆರಳು ತೋರಿಸಿದಳು.

ಬೇಕರಿಯವನಿಗೆ ಒಪ್ಪಿಸುವುದಕ್ಕೆ ಸ್ವಲ್ಪ ಮಾತು ಖರ್ಚಾಯಿತು. ಚಿಮಟಣ್ಣ ತೇವ ತಾಗದಿರಲೆಂದು ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ, ಅದರಲ್ಲೊಂದು ವಿಡಿಯೋ ಹಚ್ಚಿ, ಐಸ್‌ಕ್ರೀಮ್ ಡಬ್ಬಗಳ ನಡುವೆ ಮಲಗಿಸಿದ. ಗಾಜಿನ ಮುಚ್ಚಳದೊಳಗೆ ಯಾರೋ ಕುಣಿಯುತ್ತಿದ್ದರು. ಬ್ರೆಡ್ಡಿಗೆ ಬಂದವರು ಅಲ್ಲೇ ನಿಂತರು. ನಿಂತವರನ್ನು ನೋಡಿ ಇನ್ನಷ್ಟು ಮಂದಿ ನಿಂತರು. ಏನು ವಿಷಯ ಎಂದು ಹಿಂದಿನವರು ಕೇಳಿದರೆ, ಫೋನ್ ಸಾಯುತ್ತಾ ನೋಡ್ತಿದೀವಿ ಎಂದು ಮುಂದಿನವರು ಹೇಳುತ್ತಿದ್ದರು. ಕೊನೆಗೆ ಬೇಕರಿಯವನೇ ಸ್ಟೂಲು ಹತ್ತಿ, ಬ್ಯಾಟರಿ ಎಷ್ಟಿದೆ ಎಂದು ಓದಿ ಹೇಳತೊಡಗಿದ. ಅವನು ನಲವತ್ತೊಂದು ಎಂದು ಬಾಯಿ ಮುಚ್ಚುವಷ್ಟರಲ್ಲಿ ಕುಣಿಯುತ್ತಿದ್ದವರು ಮಾಯವಾದರು. ಪರದೆ ಕಪ್ಪು.

ಗುರುತು ಪರಿಚಯ ಇಲ್ಲದವರೆಲ್ಲ ಚಪ್ಪಾಳೆ ಹೊಡೆದರು. ಚಿಮಟಣ್ಣ ಎಲ್ಲರಿಗಿಂತ ಜೋರಾಗಿ ಹೊಡೆದ. ಇಷ್ಟು ವರ್ಷದಲ್ಲಿ ಯಾವ ಗಿರಾಕಿಯೂ ತನಗೆ ಇಂಥ ರೋಗವನ್ನು ತಂದು ತೋರಿಸಿರಲಿಲ್ಲ ಎಂದು ಅವನ ಮುಖವೆಲ್ಲ ಅರಳಿತ್ತು. ಫೋನ್ ತಣ್ಣಗಿರುವಾಗ ಚೀಲ ಬಿಚ್ಚಬಾರದು, ಒಳಗೆ ನೀರು ಕಟ್ಟುತ್ತದೆ ಎಂದು ಕಾದು, ಅದು ಹದಕ್ಕೆ ಬಂದ ಮೇಲೆ ಚೀಲವನ್ನೂ ಫೋನನ್ನೂ ಬಿಚ್ಚಿದ. ಬ್ಯಾಟರಿ ಒಂದು ಬದಿಯಲ್ಲಿ ತುಸು ಉಬ್ಬಿತ್ತು.

"ನೋಡಿ ಅಕ್ಕ, ಹಳೇ ಬ್ಯಾಟರಿ ಅಂದ್ರೆ ವಯಸ್ಸಾದವರ ಮಂಡಿ ಇದ್ದ ಹಾಗೆ. ಚಳಿಗೆ ಹಿಡ್ಕೊಳ್ಳುತ್ತೆ. ಒಳಗೆ ಚಾರ್ಜ್ ಇದೆ, ಆದ್ರೆ ಫೋನು ಕೇಳಿದಷ್ಟು ಬೇಗ ಕೊಡೋಕಾಗಲ್ಲ. ಕೇಳಿದ್ದು ಸಿಗಲಿಲ್ಲ ಅಂದ್ರೆ ಫೋನು ಮುಚ್ಕೊಳ್ಳುತ್ತೆ. ಬೆಚ್ಚಗಾದ್ರೆ ಮತ್ತೆ ಕೊಡುತ್ತೆ."

"ಹಾಗಾದ್ರೆ ನೆಟ್‌ವರ್ಕ್ ಅಷ್ಟೊಂದು ತಿನ್ನೋದು?"

"ನಿಮ್ಮ ಕೋಣೆಗೆ ತಗಡಿನ ಗೋಡೆ ಅಲ್ವಾ. ಟವರ್ ಸಿಗಲ್ಲ. ಫೋನು ಒಳಗಿಂದ ಕೂಗ್ತಾನೇ ಇರುತ್ತೆ, ಕೂಗಿ ಕೂಗಿ ಸುಸ್ತಾಗುತ್ತೆ."

ಹಣ್ಣಿನ ಕೋಣೆಯಲ್ಲಿ ಬ್ಯಾಟರಿ ಇಳಿದದ್ದೂ ಅದಕ್ಕೇ ಎಂದು ಅವಳು ತಕ್ಷಣ ಹೇಳಿದಳು. ಅಲ್ಲಿ ಗೋಡೆ ಇದೆ, ಅಷ್ಟು ಚಳಿ ಇಲ್ಲ. ಕೂಗಿದೆ, ಸತ್ತಿಲ್ಲ. ಇಬ್ಬರೂ ಪರೀಕ್ಷೆ ಪಾಸಾದ ಮಕ್ಕಳ ಹಾಗೆ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಅವನು ಹೊಸ ಬ್ಯಾಟರಿ ಹಾಕಿದ. ಒಳಗೆ ಹೋಗುವ ಮುಂಚೆ ಫ್ಲೈಟ್ ಮೋಡ್ ಹಾಕಿ, ಹೊರ ಜೇಬಿನಲ್ಲಿ ಇಡದೆ ಮೈಗೆ ತಾಗಿಸಿ ಇಟ್ಟುಕೊಳ್ಳಿ, ಕೊರೆಯುತ್ತಿರುವ ಫೋನನ್ನು ಹೊರಗೆ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ ಎಂದೂ ಹೇಳಿ ಕಳಿಸಿದ.

ಗಂಡನಿಗೆ ಈ ಸುದ್ದಿ ಹೇಳಿದಾಗ ಅವನು ಮೊದಲ ಸಲ ಯಂತ್ರದಿಂದ ಪೂರ್ತಿ ತಲೆ ಎತ್ತಿದ. ಚಾರ್ಜರಿನದೇ ತಪ್ಪು ಎಂದಿದ್ದ ಮಾತನ್ನು ಯಾರೂ ನೆನಪಿಸಲಿಲ್ಲ. ಅವಳ ಕೆಲಸದ ಅಂಗಿಯನ್ನು ಈಸಿಕೊಂಡು, ಉಣ್ಣೆ ಬಟ್ಟೆಯ ಎರಡು ಪದರ ಇಟ್ಟು, ಒಳಗಡೆ ಎದೆಯ ಹತ್ತಿರ ಒಂದು ಜೇಬು ಹೊಲಿದ. ಫೋನ್ ಹಾಕಿ ತೆಗೆದು ಅಳತೆ ನೋಡಿದ. ಮೇಲೊಂದು ಗುಂಡಿಯನ್ನೂ ಇಟ್ಟ.

ಕಾರ್ಯಕ್ರಮದ ದಿನ ಬಿಸಿ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೂಪರ್‌ವೈಸರ್ ಕೂಡ, ಹೀಟರ್ ಸರಿ ಇದೆಯೋ ನೋಡಲು ಬಂದವರಂತೆ, ಗೋಡೆಗೆ ಒರಗಿ ನಿಂತಿದ್ದರು. ಜೀಕೆ ಅಕ್ಕ ಕೊನೆಯ ರಾಶಿ ಇಳಿಸಿ, ಜಾಕೆಟ್ಟಿನಲ್ಲೇ ಒಳಗೆ ನುಗ್ಗಿದಳು. ಕಳೆದ ವಾರ ಸಿಗದ ಕೇಳುಗರಿಗೆ ಈಗ ಕರೆ ಎಂದರು ನಿರೂಪಕಿ. ಫೋನ್ ಎಂಬತ್ತರ ಮೇಲೆ ಜೀವಂತವಾಗಿತ್ತು. ಆದರೂ ಸದ್ದಿಲ್ಲ. ನಮ್ಮ ಕೇಳುಗರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರಂತೆ ಎಂದು ನಿರೂಪಕಿ ನಕ್ಕರು.

ಬೆಂಚಿನವರು ಬೆಕ್ಕಸಬೆರಗಾದರು. ಜೀಕೆ ಅಕ್ಕನ ಕಣ್ಣು ಪರದೆಯ ಮೂಲೆಗೆ ಹೋಯಿತು. ಅಲ್ಲಿ ಪುಟ್ಟ ವಿಮಾನವೊಂದು ಹಾಯಾಗಿ ಕೂತಿತ್ತು. ಅವಳು ಫ್ಲೈಟ್ ಮೋಡ್ ತೆಗೆದಿರಲೇ ಇಲ್ಲ. ಕೈಗವಸಿನ ಬೆರಳಿಗೆ ಪರದೆ ಜಗ್ಗಲಿಲ್ಲ. ಹಲ್ಲಿನಿಂದಲೇ ಕೈಗವಸು ಕಿತ್ತು ಉಗಿದು, ವಿಮಾನದ ಮೇಲೆ ಹೆಬ್ಬೆರಳು ಒತ್ತಿದಳು. ಒಂದು ಕೊನೆಯ ಸಲ ನೋಡೋಣ ಎಂದು ರೇಡಿಯೋ ಹೇಳುತ್ತಿತ್ತು. ಸಿಗ್ನಲ್ಲಿನ ಕಡ್ಡಿ ಒಂದು ಬಂತು, ಎರಡು ಬಂತು. ಫೋನು ಅವಳ ಅಂಗೈಯಲ್ಲಿ ಗುಂಯ್ ಎಂದು ನಡುಗಿತು.

ಕೋಣೆಯಲ್ಲಿ ಎದ್ದ ಕೂಗು ರೇಡಿಯೋದಲ್ಲೂ ಕೇಳಿಸಿತಂತೆ. ಯಾರೋ ರೇಡಿಯೋದ ದನಿ ತಗ್ಗಿಸಿದರು. ನಿರೂಪಕಿ ಕುಶಲ ಕೇಳಿ, ತಮಾಷೆಗೆ ಇನ್ನೊಂದು ಮಾತು ಸೇರಿಸಿದರು.

"ಮೇಡಂ, ನೀವು ಫೋನ್ ಆಫ್ ಮಾಡಿಟ್ಟು ನಮ್ಮನ್ನ ಯಾಕೆ ಇಷ್ಟು ಸತಾಯಿಸಿದ್ರಿ?"

ಅದು ಒಂದು ಸಾಲಿನಲ್ಲಿ ಮುಗಿಯಬೇಕಿದ್ದ ಮಾತು. ಆದರೆ ಒಂದು ವಾರದಿಂದ ಉಕ್ಕುತ್ತಿದ್ದುದಕ್ಕೆ ಯಾರೋ ಮುಚ್ಚಳ ತೆಗೆದಂತಾಯಿತು. ಮೂವತ್ತೆಂಟು ಪರ್ಸೆಂಟಿನಿಂದ ಹಿಡಿದು ಐಸ್‌ಕ್ರೀಮ್ ಡಬ್ಬದವರೆಗೆ, ಮಂಡಿಯ ಹೋಲಿಕೆ, ತಗಡಿನ ಗೋಡೆ, ಒಳಜೇಬು, ಈಗ ತಾನೇ ಮರೆತ ವಿಮಾನ, ಎಲ್ಲವನ್ನೂ ಅವಳು ಉಸಿರು ತೆಗೆದುಕೊಳ್ಳದೆ ಹೇಳಿದಳು. ನಿರೂಪಕಿ ನಡುವೆ ಬಾಯಿ ಹಾಕಲು ನೋಡಿ, ಆಮೇಲೆ ತಾವೇ ಪ್ರಶ್ನೆ ಕೇಳತೊಡಗಿದರು. ತಮ್ಮ ಫೋನೂ ಬೆಟ್ಟಕ್ಕೆ ಹೋದಾಗ ಹೀಗೇ ಆಗಿತ್ತು ಎಂದರು. ಕೊನೆಗೆ ಗಾಬರಿಯಿಂದ, ಸಮಯ ಮುಗಿಯುತ್ತಿದೆ, ಒಂದೇ ಪ್ರಶ್ನೆ ಕೇಳುತ್ತೇನೆ, ನಮ್ಮ ದೇಹದ ಅತಿ ಚಿಕ್ಕ ಮೂಳೆ ಎಲ್ಲಿದೆ ಎಂದರು. ಕಿವಿಯೊಳಗೆ ಎಂದು ಅವಳು ಹೇಳಿದ್ದೂ, ವಾರ್ತೆಯ ಸಂಗೀತ ಶುರುವಾದದ್ದೂ ಒಟ್ಟಿಗೆ. ಉಳಿದೆರಡು ಪ್ರಶ್ನೆ ಮುಂದಿನ ವಾರಕ್ಕೆ ಎಂದು ನಿರೂಪಕಿ ಅವಸರದಲ್ಲಿ ಕೂಗಿ ಹೇಳಿದರು.

ಮನೆಯಲ್ಲಿ ಅತ್ತೆ ಮುಖ ಗಂಟಿಕ್ಕಿಕೊಂಡು ಕೂತಿದ್ದರು. "ಪ್ರಶ್ನೆ ಕೇಳೋಕೆ ಆ ರೇಡಿಯೋದವಳಿಗೆ ನೀನು ಬಾಯಿ ತೆರೆಯೋಕೆ ಬಿಟ್ಟಿದ್ದರೆ ತಾನೇ," ಎಂದರು. ಆದರೆ ಮಾತು ಮುಗಿಯುವ ಮೊದಲೇ ಪಕ್ಕದ ಮನೆಯವರು ತಮ್ಮ ಫೋನ್ ಹಿಡಿದುಕೊಂಡು ಬಂದರು. ಅವರ ಹಿಂದೆ ಎದುರು ಮನೆಯವರು ಬಂದರು. ಅತ್ತೆ ಗಂಟು ಸಡಿಲಿಸಿ, ಎಲ್ಲರನ್ನೂ ಚಾಪೆಯ ಮೇಲೆ ಕೂರಿಸಿ, ಮೊದಲು ಬ್ಯಾಟರಿ ತಿಂದವರ ಪುಟ ತೆಗೆಯಿರಿ ಎಂದು ತಾವೇ ಅಪ್ಪಣೆ ಕೊಟ್ಟರು.

ಮುಂದಿನ ವಾರ ಫೋನು ಮೊದಲ ಕರೆಗೇ ಎದ್ದಿತು. ಆಕ್ಟೋಪಸ್ಸಿಗೆ ಮೂರು ಹೃದಯ ಎಂದು ಅವಳು ಥಟ್ಟನೆ ಹೇಳಿದಳು. ಸೂರ್ಯನ ಸುತ್ತ ಮಲಗಿಕೊಂಡಂತೆ ಸುತ್ತುವ ಗ್ರಹ ಯಾವುದು ಎಂಬುದಕ್ಕೆ ಮಾತ್ರ, ಯುರೇನಸ್ ಎಂದು ನಾಲಿಗೆಯ ತುದಿಯವರೆಗೆ ಬಂದಿದ್ದನ್ನು ನುಂಗಿ, ನೆಪ್ಚೂನ್ ಎಂದುಬಿಟ್ಟಳು. ಬೆಂಚಿನವರೆಲ್ಲ ಅಯ್ಯೋ ಎಂದರು. ಅಷ್ಟರಲ್ಲಿ ನಿರೂಪಕಿ, ಹೋದ ವಾರದಿಂದ ಕೇಳುಗರು ಫೋನಿನ ಬಗ್ಗೆಯೇ ಕೇಳುತ್ತಿದ್ದಾರೆ, ಒಂದು ದಿನ ನಮ್ಮ ಸ್ಟುಡಿಯೋಕ್ಕೆ ಬಂದು ಇವರ ಜೊತೆ ಮಾತಾಡುತ್ತೀರಾ ಎಂದು ಕೇಳಿದರು.

ಬರುತ್ತೇನೆ ಎಂದಳು ಜೀಕೆ ಅಕ್ಕ. ಬೇಡ ಅನ್ನುವ ಮಾತೇ ಅವಳ ತಲೆಗೆ ಬರಲಿಲ್ಲ. ರಿಪೇರಿಯ ಅಣ್ಣನನ್ನೂ ಕರೆತರಬಹುದೇ, ಅವರು ಬಿಚ್ಚಿ ತೋರಿಸುತ್ತಾರೆ ಎಂದು ಕೇಳಿದಳು. ರೇಡಿಯೋದಲ್ಲಿ ತೋರಿಸುವುದು ಹೇಗೆ ಮೇಡಂ ಎಂದು ನಿರೂಪಕಿ ನಕ್ಕಾಗ ಅವಳೂ ನಕ್ಕಳು. ಸಂಜೆ ಹೋಗಿ ಚಿಮಟಣ್ಣನಿಗೆ ವಿಷಯ ತಿಳಿಸಿದಳು. ಬೀದಿಯಲ್ಲಿ ಯಾರಿಗೂ ಮಾತಿನಲ್ಲಿ ಸೋಲದ ಅವನು, ರೇಡಿಯೋದಲ್ಲಿ ತನಗೆ ಮಾತಾಡಲು ಬರುತ್ತದೆಯೇ ಎಂದು ಅವಳನ್ನೇ ಕೇಳಿದ. ಅವಳು ಕೌಂಟರಿನ ಮುಂದಿನ ಸ್ಟೂಲ್ ಎಳೆದುಕೊಂಡು ಕೂತು, ನಿರೂಪಕಿಯ ದನಿಯಲ್ಲಿ ಮೊದಲ ಪ್ರಶ್ನೆ ಕೇಳಿದಳು.